ಮೂತಿಯೂ ಇಲ್ಲ, ಬಾಲವೂ ಇಲ್ಲ: ಕೃಷ್ಣೆಯ ಹರಿಗೋಲು

ಮೂರು ಪಟಸ್ತಂಭಗಳ ಎತ್ತರದ ಹಡಗೇರಿ ಗೋವೆ, ಕೊಚ್ಚಿ, ಕೊಲಂಬೊ, ಮಲಕ್ಕಾ ಎಂದು ಪರಂಗಿಯವರು ಆಳಿದ ಬಂದರುಗಳನ್ನು ಸುತ್ತುವುದು ಈಗ ದುಡ್ಡಿದ್ದವರ ವಿಹಾರ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸಮುದ್ರವಿಲ್ಲ, ಆದರೆ ದ್ವೀಪಗಳಿವೆ. ಕೃಷ್ಣೆ ಇಲ್ಲಿ ಕವಲೊಡೆದು, ಬಂಡೆಗಳ ನಡುವೆ ನುಸುಳಿ, ಮತ್ತೆ ಕೂಡುತ್ತದೆ. ನಡುವೆ ಉಳಿದ ನೆಲವನ್ನು ಊರವರು ಗಡ್ಡಿ ಎನ್ನುತ್ತಾರೆ: ಕರಕಲಗಡ್ಡಿ, ಮ್ಯಾದರಗಡ್ಡಿ, ವಂಕಮ್ಮನಗಡ್ಡಿ. ಆದಿಲ್‌ಶಾಹಿಗಳು ಆಳಿದ ಜಲದುರ್ಗದ ಕೋಟೆಯೂ ಇಂಥದೇ ನಡುಗಡ್ಡೆಯ ಮೇಲಿದೆ. ಈ ದ್ವೀಪಗಳ ಹಳೆಯ ಹಡಗು ಹರಿಗೋಲು. ಬಿದಿರು ಹೆಣೆದು, ಹೊರಗೆ ಚರ್ಮ ಹೊದಿಸಿದ ದುಂಡನೆಯ ದೋಣಿ.

ಅದನ್ನು ಹಿಂದುಳಿದ ಕಾಲದ ಬುಟ್ಟಿ ಎಂದು ತಳ್ಳಿಹಾಕುವವರಿದ್ದಾರೆ. ಅಂಥವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಅದಕ್ಕೂ ಮುನ್ನ ಈ ಸೀಮೆಯನ್ನು ನೋಡೋಣ: ದಕ್ಷಿಣಕ್ಕೆ ಸಿಂಧನೂರಿನ ಅಂಚಿನಲ್ಲಿ ತುಂಗಭದ್ರೆ, ಉತ್ತರಕ್ಕೆ ಲಿಂಗಸುಗೂರಿನ ಅಂಚಿನಲ್ಲಿ ಕೃಷ್ಣೆ, ನಡುವೆ ಮಸ್ಕಿ. ಹಳಬರು ಎಡೆದೊರೆ ನಾಡು ಎಂದು ಕರೆದ ಸೀಮೆಯಿದು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಪತ್ತೆಯಾದದ್ದು ಮಸ್ಕಿಯಲ್ಲಿ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿದಾಗ ಶಂಖ, ಚಿಪ್ಪಿನ ವಸ್ತುಗಳೂ ಸಿಕ್ಕವು. ಕಡಲ ಸರಕು ಅಷ್ಟು ಒಳನಾಡಿಗೂ ಬರುತ್ತಿತ್ತು. ಮಳೆಗಾಲದಲ್ಲಿ ಉತ್ತರದಿಂದಲೋ ದಕ್ಷಿಣದಿಂದಲೋ ಈ ಸೀಮೆಗೆ ಬರಬೇಕೆಂದರೆ ತುಂಬಿದ ಹೊಳೆ ದಾಟಲೇಬೇಕು.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಸಾಗರ ದಾಟುವ ಹಡಗುಗಳನ್ನು ಕಂಡಿದ್ದವನು. ತುಂಗಭದ್ರೆಯ ದಡದಲ್ಲಿ ಅವನು ಕಂಡದ್ದು ಬುಟ್ಟಿಯಂಥ ಗುಂಡು ದೋಣಿಗಳನ್ನು. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು ಎಂದು ಬರೆದಿಟ್ಟ. ಅವು ಸದಾ ಸುತ್ತುತ್ತಿರುತ್ತವೆ, ಬೇರೆ ದೋಣಿಗಳಂತೆ ನೇರ ಹೋಗಲಾರವು ಎಂದೂ ಸೇರಿಸಿದ. ಕಣ್ಣಿಗೆ ಬಿದ್ದದ್ದನ್ನು ಸರಿಯಾಗಿಯೇ ದಾಖಲಿಸಿದ. ಕಾರಣದ ತಂಟೆಗೆ ಹೋಗಲಿಲ್ಲ.

ಈಗ ಆ ಲೆಕ್ಕ. ಮೊದಲು ಆಕಾರದ ವಿಚಾರ. ದೋಣಿಯ ಅಂಚಿಗೆ ಎಂಟು ಮೀಟರ್ ಉದ್ದದ ಬಿದಿರ ದಬ್ಬೆ ಇದೆ ಎನ್ನಿ. ಅದನ್ನು ಮೂರಕ್ಕೆ ಒಂದರ ಅಳತೆಯ ಆಯತವಾಗಿ ಬಗ್ಗಿಸಿದರೆ ಒಳಗೆ ಸಿಗುವುದು 3 ಚದರ ಮೀಟರ್ ಜಾಗ. ಚೌಕ ಮಾಡಿದರೆ 4. ವೃತ್ತ ಮಾಡಿದರೆ 5ಕ್ಕೂ ತುಸು ಹೆಚ್ಚು. ಅಂಚಿನ ಅಳತೆ ಅಷ್ಟೇ ಇದ್ದಾಗ ಅತಿ ಹೆಚ್ಚು ಜಾಗ ಕೊಡುವ ಆಕಾರ ವೃತ್ತ. ಮರ ಕೊಯ್ದು ಹಲಗೆ ಮಾಡಿ ಮೊಳೆ ಹೊಡೆಯುವಷ್ಟು ಹಣವಿಲ್ಲದ ಕಡೆ, ಕಡಿಮೆ ಬಿದಿರಿಗೆ ಹೆಚ್ಚು ಹೊರೆ ಹೊರಿಸುವ ಉಪಾಯ ಇದೇ.

ಎರಡನೆಯದು ಆಳ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ಪಾಠ ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಎರಡೂವರೆ ಮೀಟರ್ ಅಗಲದ ಹರಿಗೋಲಿನ ತಳ ಸುಮಾರು 4.9 ಚದರ ಮೀಟರ್. ಅದು 10 ಸೆಂಟಿಮೀಟರ್ ಇಳಿದರೆ ಸರಿಯುವ ನೀರು ಸುಮಾರು 490 ಲೀಟರ್, ಅಂದರೆ 490 ಕಿಲೋ. ತಲಾ ಅರವತ್ತು ಕಿಲೋದ ಎಂಟು ಜನ ಹತ್ತಿದರೂ ದೋಣಿ ಒಂದು ಗೇಣಿನ ಅರ್ಧದಷ್ಟು ಮಾತ್ರ ಮುಳುಗುತ್ತದೆ. ತಳದ ಬಾಗು, ದೋಣಿಯ ಸ್ವಂತ ತೂಕ ಸೇರಿಸಿದರೆ ಇನ್ನಷ್ಟು. ಇದಕ್ಕೆ ಹೋಲಿಸಲು ನಮ್ಮ ನೌಕಾಪಡೆಯ ಐಎನ್ಎಸ್ ತರಂಗಿಣಿ ಇದೆ. ಗೋವಾ ಶಿಪ್‌ಯಾರ್ಡಿನಲ್ಲಿ ತಯಾರಾಗಿ 1997ರ ನವೆಂಬರಿನಲ್ಲಿ ಸೇವೆಗೆ ಸೇರಿದ, 54 ಮೀಟರ್ ಉದ್ದದ, ಮೂರು ಸ್ತಂಭಗಳ ಹಾಯಿಹಡಗು. 2003–04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ಅದಕ್ಕೆ ನಾಲ್ಕು ಮೀಟರಿಗೂ ಹೆಚ್ಚು ಆಳದ ನೀರು ಬೇಕು. ಕೃಷ್ಣೆಯ ಬಂಡೆಗಳ ಮೇಲೆ ಮೊಣಕಾಲುದ್ದ ನೀರು ಹರಿಯುವಲ್ಲೂ ಹರಿಗೋಲು ಸಾಗೀತು.

ತರಂಗಿಣಿಗೆ ಅಷ್ಟು ಆಳ ಏಕೆ? ಅದರ ಹೊಟ್ಟೆಯಡಿ ಉದ್ದಕ್ಕೂ ಕೀಲ್ ಎಂಬ ಬೆನ್ನೆಲುಬಿದೆ. ಗಾಳಿ ಪಕ್ಕದಿಂದ ಹಾಯಿಗೆ ಬಡಿದಾಗ ಹಡಗು ಅಡ್ಡಕ್ಕೆ ಜಾರಬೇಕು. ನೀರೊಳಗಿನ ಆಳವಾದ ಒಡಲು ಆ ಜಾರುವಿಕೆಯನ್ನು ತಡೆಯುತ್ತದೆ, ಉಳಿದ ಬಲ ಹಡಗನ್ನು ಮುಂದಕ್ಕೆ ನೂಕುತ್ತದೆ. ಹೀಗಾಗಿಯೇ ಹಾಯಿಹಡಗು ಗಾಳಿಗೆ ಓರೆಯಾಗಿಯೂ ಸಾಗಬಲ್ಲದು. ಹರಿಗೋಲಿಗೆ ಕೀಲೂ ಇಲ್ಲ, ಮೂತಿಯೂ ಇಲ್ಲ, ಬಾಲವೂ ಇಲ್ಲ. ಹಾಯಿ ಕಟ್ಟಿದರೆ ಗಾಳಿ ಬೀಸಿದತ್ತ ತೇಲಿಹೋದೀತು, ಅಷ್ಟೇ. ಹುಟ್ಟು ಹಾಕುವಾಗಲೂ ಅದೇ ಕಥೆ. ಬಲ ದೋಣಿಯ ನಡುಬಿಂದುವಿನಿಂದ ಚೂರು ಆಚೀಚೆ ಬಿದ್ದರೂ ತಿರುಚುವ ಬಲ ಹುಟ್ಟುತ್ತದೆ. ಉದ್ದನೆಯ ದೋಣಿ ತಿರುಗಬೇಕಾದರೆ ಪಕ್ಕದ ನೀರನ್ನೆಲ್ಲ ತಳ್ಳಬೇಕು. ದುಂಡನೆಯದು ನೀರನ್ನು ಸವರಿಕೊಂಡು ಸುತ್ತುತ್ತದೆ. ಹಂಪಿಯಲ್ಲಿ, ಹೊಗೆನಕಲ್ಲಿನಲ್ಲಿ ಪ್ರವಾಸಿಗರನ್ನು ಕಿರಿಚಿಸುವ ಗಿರಗಿಟ್ಲೆ ಆಟದ ಗುಟ್ಟು ಇಷ್ಟೇ.

ಅಂಬಿಗ ಇದನ್ನು ಹೇಗೆ ಪಳಗಿಸುತ್ತಾನೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಅವನು ಹೋಗಬೇಕಾದ ದಿಕ್ಕಿನ ಅಂಚಿಗೇ ಮೊಣಕಾಲೂರಿ ಕೂರುತ್ತಾನೆ. ಹುಟ್ಟನ್ನು ಮುಂದಕ್ಕೆ ಚಾಚಿ ನೀರಿಗಿಳಿಸಿ ತನ್ನತ್ತ ಎಳೆಯುತ್ತಾನೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಿಂದಿನಿಂದ ನೂಕಿದರೆ ಸಣ್ಣ ಓರೆಯೂ ಬೆಳೆಯುತ್ತಾ ಹೋಗಿ ದೋಣಿ ಗರ್ರನೆ ಸುತ್ತುತ್ತದೆ. ಮುಂದಿನಿಂದ ಎಳೆದರೆ ಹೊರೆ ಹಿಂದೆ ಹಿಂದೆ ತಾನಾಗಿ ನೇರವಾಗುತ್ತದೆ. ಪಾಯೆಸ್ ಕಂಡ ಸುತ್ತಾಟ ಪೂರ್ತಿ ಹೋಗುವುದಿಲ್ಲ. ಎಡಬಲ ತೂಗಾಟವಾಗಿ ಉಳಿಯುತ್ತದೆ.

ಸೆಳವನ್ನು ಎದುರಿಸುವ ಗೋಜಿಗೂ ಅವನು ಹೋಗುವುದಿಲ್ಲ. ಹೊಳೆ 300 ಮೀಟರ್ ಅಗಲ, ಹುಟ್ಟಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದರೆ ಆಚೆ ದಡಕ್ಕೆ ಹತ್ತು ನಿಮಿಷ. ಸೆಳವು ಸೆಕೆಂಡಿಗೆ ಒಂದು ಮೀಟರ್ ಇದ್ದರೆ ಆ ಹೊತ್ತಿಗೆ ದೋಣಿ 600 ಮೀಟರ್ ಕೆಳಗೆ ಹೋಗಿರುತ್ತದೆ. ಹಾಗಾಗಿ ಹೊರಡುವ ಮುನ್ನವೇ ಅಷ್ಟು ದೂರ ದೋಣಿಯನ್ನು ದಡದಗುಂಟ ಮೇಲಕ್ಕೆ ಎಳೆದೊಯ್ದರೆ, ಇಲ್ಲವೇ ಬೆನ್ನ ಮೇಲೆ ಹೊತ್ತೊಯ್ದರೆ ಆಯಿತು. ಹೊತ್ತು ನಡೆಯಬಹುದಾದ ದೋಣಿ ಬೇಕಾದದ್ದು ಇದಕ್ಕೇ.

ಹೊಳೆಯ ಉದ್ದಕ್ಕೆ ಯಾನ ಮಾಡುವ ಆಸೆ ಇಲ್ಲಿ ಯಾರಿಗೂ ಇದ್ದಂತಿಲ್ಲ. ಜಲದುರ್ಗದ ಆಸುಪಾಸಿನಲ್ಲಿ ಕೃಷ್ಣೆ ಸುಮಾರು ಮೂರು ಮೈಲಿಗಳಲ್ಲಿ 400 ಅಡಿಗೂ ಮಿಕ್ಕಿ ಕೆಳಗಿಳಿಯುತ್ತದೆ ಎಂದು ಬ್ರಿಟಿಷರ ಗೆಜೆಟಿಯರ್ ಹೇಳುತ್ತದೆ. ಅಂಥ ಹೊಳೆಯಲ್ಲಿ ಯಾವ ಹಡಗೂ ಮೇಲೇರಲಾರದು. ಬೇಕಿದ್ದದ್ದು ದಾಟುವ ಯಂತ್ರ. ಬಂಡೆಗೆ ತಾಗಿದರೆ ಹಲಗೆಯ ದೋಣಿ ಬಿರುಕು ಬಿಡುತ್ತದೆ. ಹೆಣೆದ ಬಿದಿರು ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಬರುತ್ತದೆ.

ದುಂಡು ದೋಣಿ ಬೇರೆ ನಾಡುಗಳಲ್ಲೂ ಹುಟ್ಟಿಕೊಂಡಿದೆ. ಬ್ಯಾಬಿಲಾನಿಗೆ ಹೊಳೆಯಗುಂಟ ತೇಲಿಬರುವ ದುಂಡು ಚರ್ಮದೋಣಿಗಳ ಬಗ್ಗೆ ಹೆರೊಡೋಟಸ್ ಬರೆದಿದ್ದಾನೆ. ಅವುಗಳಲ್ಲಿ ಸರಕಿನ ಜೊತೆ ಒಂದು ಕತ್ತೆಯೂ ಇರುತ್ತಿತ್ತು. ಊರು ಮುಟ್ಟಿದ ಮೇಲೆ ಸರಕನ್ನೂ ದೋಣಿಯ ಹಂದರವನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ವ್ಯಾಪಾರಿಗಳು ನಡೆದೇ ಹಿಂದಿರುಗುತ್ತಿದ್ದರು, ಏಕೆಂದರೆ ಸೆಳವಿಗೆ ಎದುರಾಗಿ ದೋಣಿ ಹೋಗದು. ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಓದಿದ ಬ್ಯಾಬಿಲಾನಿನ ಮಣ್ಣಿನ ಫಲಕವೊಂದರಲ್ಲಿ ಪ್ರಳಯದ ನಾವೆಯೂ ದುಂಡಗೇ ಇದೆ. ಅದರ ಚಿಕ್ಕ ಪ್ರತಿಕೃತಿಯನ್ನು ಕೇರಳದಲ್ಲಿ ಕಟ್ಟಿ ನೀರಿಗಿಳಿಸಿದರು. ತೇಲಿತು, ಜೊತೆಗೆ ಸೋರಿತು ಕೂಡ!

ಪರಂಗಿ ಸೇನೆಗಳು ಈ ಬುಟ್ಟಿಯನ್ನು ಹಗುರವಾಗಿ ಕಾಣಲಿಲ್ಲ. 1800ರ ಮಳೆಗಾಲದಲ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನು ಹತ್ತಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಮಲಪ್ರಭೆ ದಾಟಿ ಎಡೆದೊರೆಗೆ ಬಂದ. ಸೆಪ್ಟೆಂಬರ್ 10ರಂದು ಧೋಂಡಿಯಾ ಇದೇ ಸೀಮೆಯಲ್ಲಿ ಸತ್ತ. ಮೂರು ವರ್ಷ ಬಿಟ್ಟು, ಮರಾಠರ ಮೇಲಿನ ಯುದ್ಧದಲ್ಲಿ ವೆಲ್ಲೆಸ್ಲಿಯ ದಂಡು ತುಂಬಿದ ಗೋದಾವರಿಯನ್ನು ದಾಟಿದ್ದು ಎತ್ತಿನ ಚರ್ಮ ಹೊದಿಸಿದ ಬುಟ್ಟಿದೋಣಿಗಳಲ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ.

ಚರ್ಮದ ಕಾಲ ಈಗ ಮುಗಿದಿದೆ. ಒದ್ದೆಯಾಗಿಯೇ ಬಿಟ್ಟರೆ ಚರ್ಮ ಕೊಳೆಯುತ್ತದೆ, ಪ್ರತಿ ಸಲ ಒಣಗಿಸಬೇಕು. ಅದರ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಮೇಲೆ ಕಾಯಿಸಿದ ಡಾಂಬರು ಬಂದಿವೆ.

ಈ ಯಂತ್ರಕ್ಕೊಂದು ಮಿತಿಯಿದೆ, ಅದು ಅಂಚಿನ ಎತ್ತರ. ಅಗಲ ತಳದ ದೋಣಿ ಮೊದಮೊದಲು ಬಹಳ ಗಟ್ಟಿ, ಅಲುಗಾಡಿದರೂ ಮಗುಚುವುದಿಲ್ಲ. ಆದರೆ ಜನ ಹೆಚ್ಚಾಗಿ, ಯಾರೋ ಎದ್ದು ನಿಂತು, ಎಲ್ಲರೂ ಒಂದೇ ಕಡೆ ವಾಲಿ ಅಂಚು ನೀರಿಗೆ ತಾಗಿತೋ, ಮೇಲೆ ಹೊದಿಕೆಯಿಲ್ಲದ ದೋಣಿ ಕ್ಷಣದಲ್ಲಿ ತುಂಬುತ್ತದೆ. 2020ರ ಆಗಸ್ಟಿನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುರ್ದಾ ನಡುಗಡ್ಡೆಯ ಬಳಿ ತುಂಬಿದ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ಜನ ನೀರುಪಾಲಾದರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರು ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಎಂದರ್ಥ. ಸೆಳವಿನ ವೇಗ ಎರಡರಷ್ಟಾದರೆ ಬಂಡೆಗೆ ಸಿಕ್ಕ ದೋಣಿಯ ಮೇಲಿನ ಒತ್ತಡ ನಾಲ್ಕರಷ್ಟು. ಬಿಡುವ ನೀರು ಇನ್ನೂ ಏರಿ ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗಿ ಜಲದುರ್ಗದ ಕಡೆಯ ದಾರಿ ಕಡಿದಾಗ, "ಹೊಳಿ ಬಂದೈತಿ" ಎಂದು ಊರವರು ಸುಮ್ಮನಾಗುವುದು ಹೆದರಿಕೆಯಿಂದಲ್ಲ, ಲೆಕ್ಕ ಗೊತ್ತಿರುವುದರಿಂದ. ಆಗ ಗಡ್ಡಿಯಲ್ಲಿ ಉಳಿದವರನ್ನು ಕರೆತರಲು ಬೇಕಾಗುವುದು ಎಂಜಿನ್ ಇರುವ ರಕ್ಷಣಾ ಬೋಟು ಮತ್ತು ತಲೆಗೊಂದು ಲೈಫ್ ಜಾಕೆಟ್.