ರಾಷ್ಟ್ರಪತಿಗಳನ್ನು ಆರಿಸತಕ್ಕವರು ಯಾರು?

ರಾಷ್ಟ್ರಪತಿಗಳನ್ನು ದೇಶದ ಸಮಸ್ತ ಪ್ರಜೆಗಳೂ ನೇರವಾಗಿ ವೋಟು ಕೊಟ್ಟು ಆರಿಸಬೇಕೆ, ಅಥವಾ ಈಗಿರುವಂತೆ ಪ್ರಜಾಪ್ರತಿನಿಧಿಗಳು ಆರಿಸಿದರೆ ಸಾಕೆ ಎಂಬುದು ಈ ಹೊತ್ತಿನ ಭಾಷಣದ ವಿಷಯ. ದಾವಣಗೆರೆಯ ಕಾಲೇಜೊಂದರಲ್ಲಿ ಇದೇ ವಿಷಯದ ಮೇಲೆ ಚರ್ಚಾಕೂಟ ನಡೆದಾಗ ನಾನು ಅಧ್ಯಕ್ಷನಾಗಿದ್ದೆನು. ಹರಿಹರದಿಂದ ಪ್ರತಿದಿನವೂ ಬಂದುಹೋಗುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ನಮ್ಮ ತಾಯಿಯವರು ನಗರಸಭೆಗೆ ವೋಟು ಕೊಡುತ್ತಾರೆ, ವಿಧಾನಸಭೆಗೆ ಕೊಡುತ್ತಾರೆ, ಲೋಕಸಭೆಗೂ ಕೊಡುತ್ತಾರೆ. ರಾಷ್ಟ್ರದ ಪ್ರಥಮ ಪ್ರಜೆಯನ್ನು ಆರಿಸುವುದಕ್ಕೆ ಮಾತ್ರ ಅವರಿಗೆ ಯೋಗ್ಯತೆಯಿಲ್ಲವೆ?" ಎಂದು ಕೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಆ ದಿನ ನಾನು ಕೊಟ್ಟ ಉತ್ತರ ನನಗೇ ತೃಪ್ತಿಕರವಾಗಿರಲಿಲ್ಲ. ಈಗ ಅದನ್ನು ಸ್ವಲ್ಪ ಸಾವಧಾನವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಈಗಿರುವ ಪದ್ಧತಿಯನ್ನು ತಿಳಿಯೋಣ. ನಮ್ಮ ರಾಜ್ಯಾಂಗದ 54ನೆಯ ವಿಧಿಯ ಪ್ರಕಾರ, ಪಾರ್ಲಿಮೆಂಟಿನ ಉಭಯ ಸಭೆಗಳ ಚುನಾಯಿತ ಸದಸ್ಯರೂ, ರಾಜ್ಯಗಳ ಮತ್ತು ದೆಹಲಿ, ಪುದುಚೇರಿಗಳ ವಿಧಾನಸಭೆಗಳ ಚುನಾಯಿತ ಸದಸ್ಯರೂ ಸೇರಿ ರಾಷ್ಟ್ರಪತಿಗಳನ್ನು ಆರಿಸುತ್ತಾರೆ. ಇವರೆಲ್ಲರ ವೋಟಿನ ತೂಕವೂ ಒಂದೇ ಅಲ್ಲ. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಸದಸ್ಯನ ವೋಟಿನ ಬೆಲೆ ದೊರೆಯುತ್ತದೆ. ಈ ಲೆಕ್ಕದಂತೆ ಕರ್ನಾಟಕದ ಸದಸ್ಯನ ವೋಟಿಗೆ 131, ಉತ್ತರಪ್ರದೇಶದವನ ವೋಟಿಗೆ 208, ಸಿಕ್ಕಿಮಿನವನ ವೋಟಿಗೆ 7 ಬೆಲೆಯುಂಟು. ಹೀಗೆ ಬಂದ ಒಟ್ಟು ಮೊತ್ತವನ್ನು ಪಾರ್ಲಿಮೆಂಟಿನ ಸದಸ್ಯರಿಗೆ ಸಮನಾಗಿ ಹಂಚುತ್ತಾರೆ. 2022ರ ಚುನಾವಣೆಯಲ್ಲಿ ಅವರ ಒಂದು ವೋಟಿಗೆ ಬಂದ ಬೆಲೆ 700. ಅಂದರೆ ಹರಿಹರದ ಶಾಸಕರ ಕೈಯಲ್ಲಿ 131, ದಾವಣಗೆರೆ ಉತ್ತರ ಮತ್ತು ದಕ್ಷಿಣ ಕ್ಷೇತ್ರಗಳ ಇಬ್ಬರ ಕೈಯಲ್ಲಿ 262, ಈ ಮೂರು ಕ್ಷೇತ್ರಗಳನ್ನೂ ಒಳಗೊಂಡ ದಾವಣಗೆರೆಯ ಲೋಕಸಭಾ ಸದಸ್ಯರ ಕೈಯಲ್ಲಿ 700. ಆ ವಿದ್ಯಾರ್ಥಿನಿಯ ತಾಯಿಯ ವೋಟು ಇಲ್ಲವೇ ಇಲ್ಲವೆಂದಲ್ಲ. ಅದು ಈ ಅಂಕಿಗಳೊಳಗೆ ಅಡಗಿದೆ.

ಹೀಗೆ ಅಡಗಿಸಬೇಕಾದ ಅಗತ್ಯವೇನಿತ್ತು? ಈ ಪ್ರಶ್ನೆ ರಾಜ್ಯಾಂಗ ರಚನಾಸಭೆಯಲ್ಲಿಯೇ ಎದ್ದಿತ್ತು. ಪ್ರಾಪ್ತವಯಸ್ಕರೆಲ್ಲರೂ ನೇರವಾಗಿ ಆರಿಸಲೆಂದು ಪ್ರೊಫೆಸರ್ ಕೆ. ಟಿ. ಷಾ ಅವರು 1948ರ ಡಿಸೆಂಬರಿನಲ್ಲಿ ತಿದ್ದುಪಡಿಯನ್ನು ತಂದರು. ಪಕ್ಷದ ಬಹುಮತದಿಂದ ಬಂದವನು ಆ ಪಕ್ಷದ ಮಂತ್ರಿಮಂಡಲಕ್ಕೆ ಅಧೀನನಾಗುವನೆಂಬ ಶಂಕೆ ಅವರದು. ಅದಕ್ಕೂ ಮೊದಲೇ, 1947ರ ಜುಲೈಯಲ್ಲಿ, ನೆಹರೂ ಅವರು ಇದಕ್ಕೆ ಸಮಾಧಾನ ಹೇಳಿದ್ದರು: ಅಧಿಕಾರವು ಮಂತ್ರಿಮಂಡಲದಲ್ಲಿಯೂ ಶಾಸನಸಭೆಯಲ್ಲಿಯೂ ನೆಲೆಸಬೇಕೆಂದು ನಿಶ್ಚಯಿಸಿದ ಮೇಲೆ, ನಿಜವಾದ ಅಧಿಕಾರವಿಲ್ಲದ ಒಬ್ಬನನ್ನು ಇಡೀ ದೇಶದಿಂದ ಆರಿಸುವುದು ಅಸಂಗತ, ವೆಚ್ಚವೂ ಶ್ರಮವೂ ಅಪಾರ. ಅಂಬೇಡ್ಕರರ ಅಭಿಪ್ರಾಯವೂ ಇದೇ ಜಾಡಿನದು. ಷಾ ಅವರ ತಿದ್ದುಪಡಿ ಬಿದ್ದುಹೋಯಿತು. 1952ರಲ್ಲಿ ಅವರೇ, ತಾವು ಒಪ್ಪದಿದ್ದ ಆ ಪದ್ಧತಿಯಲ್ಲಿಯೇ, ರಾಜೇಂದ್ರಪ್ರಸಾದರಿಗೆ ಪ್ರತಿಸ್ಪರ್ಧಿಯಾಗಿ ನಿಂತು ಸೋತರು.

ನೆಹರೂ ಅವರ ಮಾತಿನ ತಿರುಳು ಮನೆಯ ಹತ್ತಿರದ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ದಾವಣಗೆರೆಯ ನಗರಸಭೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ನಮ್ಮ ರಾಜ್ಯದಲ್ಲಿ ಮೇಯರನ್ನಾಗಲಿ ನಗರಸಭೆಯ ಅಧ್ಯಕ್ಷನನ್ನಾಗಲಿ ಊರಿನವರು ನೇರವಾಗಿ ಆರಿಸುವುದಿಲ್ಲ. ಉತ್ತರಪ್ರದೇಶದಲ್ಲಿ ಮೇಯರನ್ನು ಪ್ರಜೆಗಳೇ ಆರಿಸುತ್ತಾರೆ. ಅಲ್ಲಿಯ ರೀತಿಯನ್ನು ಇಲ್ಲಿಗೆ ತಂದೆವೆನ್ನೋಣ. ಮೇಯರು ಒಂದು ಪಕ್ಷದವನು, ಸದಸ್ಯರ ಬಹುಮತ ಇನ್ನೊಂದು ಪಕ್ಷದ್ದು. "ಊರೇ ನನ್ನನ್ನು ಆರಿಸಿದೆ" ಎಂದು ಅವನು, "ವಾರ್ಡುಗಳು ನಮ್ಮನ್ನು ಆರಿಸಿವೆ" ಎಂದು ಇವರು. ಆಯವ್ಯಯದ ಪಟ್ಟಿ ಮೇಜಿನ ಮೇಲೆಯೇ ಉಳಿದರೆ, ನಲ್ಲಿಯ ನೀರು ಯಾರನ್ನು ಕೇಳಿ ಬರಬೇಕು? ನೇರವಾದ ವೋಟು ಬರಿಯ ಗೌರವವಲ್ಲ, ಅದು ಅಧಿಕಾರಪತ್ರ. ಅಧಿಕಾರವಿದ್ದಲ್ಲಿ ಅದನ್ನು ಕೊಡತಕ್ಕದ್ದೇ. ಇಲ್ಲದಲ್ಲಿ ಕೊಟ್ಟರೆ ವ್ಯಾಜ್ಯಕ್ಕೆ ಬೀಜ ಬಿತ್ತಿದಂತೆ.

ಹೊರದೇಶಗಳ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ಅಮೆರಿಕದ ಅಧ್ಯಕ್ಷನು ತಾನೇ ಆಡಳಿತದ ಯಜಮಾನ. ಆದರೆ ಅಲ್ಲಿ ತೀರ್ಪು ಕೊಡುವುದು 538 ಮಂದಿ ಮತದಾರರ ಮಂಡಲಿ. 2000ದಲ್ಲಿಯೂ 2016ರಲ್ಲಿಯೂ ದೇಶದಲ್ಲಿ ಹೆಚ್ಚು ವೋಟು ಪಡೆದವರು ಸೋತರು. ಅಷ್ಟು ದೊಡ್ಡ ಅಧಿಕಾರ ಕಡಿಮೆ ವೋಟಿನವನ ಕೈ ಸೇರಿದರೆ ಅಲ್ಲಿಯ ಜನ ನೇರ ಚುನಾವಣೆ ಬೇಕೆನ್ನುವುದು ನ್ಯಾಯವೇ. ಫ್ರಾನ್ಸಿನಲ್ಲಿ 1958ರಲ್ಲಿ ಸುಮಾರು 80,000 ಪ್ರತಿನಿಧಿಗಳು ಡಿ ಗಾಲ್ ಅವರನ್ನು ಆರಿಸಿದ್ದರು. ಅಧ್ಯಕ್ಷಪದವಿಯನ್ನು ಬಲಪಡಿಸಲೆಂದೇ ಅವರು 1962ರಲ್ಲಿ ಜನಾಭಿಪ್ರಾಯ ಪಡೆದು ನೇರ ಚುನಾವಣೆಯನ್ನು ತಂದರು. ಐರ್ಲೆಂಡಿನಲ್ಲಿ ಮಾತ್ರ ಅಲ್ಪಾಧಿಕಾರದ ಅಧ್ಯಕ್ಷನನ್ನು ಜನರೇ ಆರಿಸುತ್ತಾರೆ, ಅನಾಹುತವೇನೂ ಆಗಿಲ್ಲ. ಈ ಅಪವಾದವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ನಮ್ಮ ಒಂದು ರಾಜ್ಯಕ್ಕಿಂತಲೂ ಚಿಕ್ಕ ದೇಶ.

ಪ್ರತಿನಿಧಿಗಳು ಆರಿಸಿದ ರಾಷ್ಟ್ರಪತಿ ಕೈಗೊಂಬೆಯಾಗಲೇಬೇಕೆ? 1997ರಲ್ಲಿ ಉತ್ತರಪ್ರದೇಶದ ಸರ್ಕಾರವನ್ನು ತೆಗೆಯಬೇಕೆಂಬ ಮಂತ್ರಿಮಂಡಲದ ಸಲಹೆಯನ್ನು ಕೆ. ಆರ್. ನಾರಾಯಣನ್ ಅವರು ಹಿಂದಿರುಗಿಸಿದರು. ಮಂತ್ರಿಮಂಡಲ ಅದನ್ನು ಕೈಬಿಟ್ಟಿತು. ಆಯ್ಕೆಯಲ್ಲಿಯೂ ಪಕ್ಷದ ಮಾತೇ ಕೊನೆಯದಲ್ಲ. ಈ ಚುನಾವಣೆಯಲ್ಲಿ ವೋಟು ಗುಪ್ತ. ಪಕ್ಷಗಳು ಸದಸ್ಯರಿಗೆ ಕಡ್ಡಾಯದ ಆಜ್ಞೆ ಮಾಡುವಂತಿಲ್ಲ. 1969ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಈ ಸೀಮೆಯವರೇ ಆದ ಎಸ್. ನಿಜಲಿಂಗಪ್ಪನವರು. ಅವರ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವರೆಡ್ಡಿ. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ವೋಟು ಕೊಡಿರೆಂದು ಕರೆಯಿತ್ತರು. ಎರಡನೆಯ ಪ್ರಾಶಸ್ತ್ಯದ ಎಣಿಕೆಯ ತರುವಾಯ ವಿ. ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಬಂದವು. ಅದೇ ವರ್ಷ ಕಾಂಗ್ರೆಸ್ಸು ಒಡೆಯಿತು. ಇದನ್ನು ಸ್ವಾತಂತ್ರ್ಯವೆನ್ನುವವರೂ ಉಂಟು, ದ್ರೋಹವೆನ್ನುವವರೂ ಉಂಟು; ಯಾಂತ್ರಿಕವೆಂದು ಮಾತ್ರ ಯಾರೂ ಹೇಳಲಾರರು.

ಆದುದರಿಂದ ಈಗಿನ ಪದ್ಧತಿಯ ಪಕ್ಷವೇ ನನ್ನದು. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆಯುಂಟು. ನಾನು ಹೇಳಿದ 131ರ ಲೆಕ್ಕ 1971ರ ಜನಗಣತಿಯದು. ಕುಟುಂಬನಿಯಂತ್ರಣವನ್ನು ಪಾಲಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರಲ್ಲಿ ಆ ಅಂಕಿಯನ್ನು ನಿಲ್ಲಿಸಿದರು. ಮುಂದೆ 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಅದನ್ನು ವಿಸ್ತರಿಸಿದರು. ಆ ವಿದ್ಯಾರ್ಥಿನಿಯಾಗಲಿ, ನಲವತ್ತು ದಾಟಿದ ನಾನಾಗಲಿ ಆ ಲೆಕ್ಕದಲ್ಲಿಲ್ಲ. ನಾವು ಹುಟ್ಟಿಯೇ ಇರಲಿಲ್ಲ. 2011ರ ಅಂಕಿಗಳನ್ನು ಹಿಡಿದರೆ ಕರ್ನಾಟಕದ ಶಾಸಕನ ಬೆಲೆ 273, ಉತ್ತರಪ್ರದೇಶದವನದು 496 ಆಗುತ್ತದೆ. ಎರಡೂ ಏರುತ್ತವೆ, ನಡುವಿನ ಅಂತರವೂ ಏರುತ್ತದೆ. ನೇರ ಚುನಾವಣೆಯಾದರೆ ಈ ಬದಲಾವಣೆ ಒಂದೇ ದಿನದಲ್ಲಿ ಬರುತ್ತದೆ. ಈಗಿನ ಪದ್ಧತಿಯಲ್ಲಿ ಪಾರ್ಲಿಮೆಂಟು ಯೋಚಿಸಿ ತೀರ್ಮಾನಿಸಲು ಅವಕಾಶವುಂಟು. ತಲೆಗೊಂದು ತೂಕವೆಂಬುದೂ ಧರ್ಮವೇ. ಸಂಯಮದಿಂದ ನಡೆದವನನ್ನು ದಂಡಿಸಬಾರದೆಂಬುದೂ ಧರ್ಮವೇ. ಇವೆರಡನ್ನು ಹೊಂದಿಸುವುದೇ ಮುಂದಿನ ವರ್ಷಗಳ ನಿಜವಾದ ಚರ್ಚೆ. ನೇರವೋ ಪರೋಕ್ಷವೋ ಎಂಬುದು ಅದರ ಮುಂದೆ ಚಿಕ್ಕದು.

ಹರಿಹರದ ಆ ಹುಡುಗಿಗೆ ಈಗ ನಾನು ಹೇಳುವುದಿಷ್ಟು: ತಾಯಿಯವರ ಯೋಗ್ಯತೆಗೆ ಕುಂದೇನೂ ಇಲ್ಲವಮ್ಮ. ವಿಧಾನಸಭೆಯ ಅಭ್ಯರ್ಥಿ ಬಾಗಿಲಿಗೆ ಬಂದಾಗ ರಸ್ತೆಯನ್ನೂ ನೀರನ್ನೂ ಕೇಳುವುದರ ಜೊತೆಗೆ, "ನಮ್ಮ 131ನ್ನು ನೀವು ಎಂಥವರಿಗೆ ಕೊಡುವಿರಿ?" ಎಂದೂ ಅವರು ಕೇಳಲಿ. ಆ ಪ್ರಶ್ನೆಯನ್ನು ಮನೆಮನೆಯಲ್ಲಿ ಕೇಳುವ ದಿನ ಬಂದರೆ, ಪರೋಕ್ಷವಾದ ವೋಟೂ ಪ್ರಜೆಯ ವೋಟೇ ಆಗುತ್ತದೆ.