ಮಕ್ಕಳ ಮಾತನ್ನು ಊರಿಗೆ ಮುಟ್ಟಿಸುವ ಕೆಲಸ



ನಾನು ಜತ್ತ ತಾಲೂಕಿನವನು. ಓದಿದ್ದು ಮ್ಯಾಟ್ರಿಕ್‌ವರೆಗೆ. 36 ವರ್ಷ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ದುಡಿದು 2018ರಲ್ಲಿ ನಿವೃತ್ತನಾದೆ. ಮನೆಯಲ್ಲಿ ಕೂತು ಎರಡು ತಿಂಗಳಾಗಿರಲಿಲ್ಲ, ನಮ್ಮ ಓಣಿಯ ಹುಡುಗನೊಬ್ಬ ಬಂದ. ಮಕ್ಕಳ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆಯವರ ಜೊತೆ ಅವನು ಓಡಾಡುತ್ತಿದ್ದ. "ಕಾಕಾ, ನಿಮ್ಮ ಅಕ್ಷರ ಛಲೋ ಅದಾವ, ಕನ್ನಡ ಮರಾಠಿ ಎರಡೂ ಬರ್ತಾವ. ನಮಗ ಒಬ್ಬರು ಕಮ್ಯುನಿಕೇಶನ್ ವಾಲಂಟಿಯರ್ ಬೇಕಾಗ್ಯಾರ, ಬರ್ರಿ" ಅಂದ. ಕಮ್ಯುನಿಕೇಶನ್ ಎಂದರೆ ಟೆಲಿಫೋನಿನ ಕೆಲಸವಿರಬೇಕೆಂದು ತಿಳಿದು, ಈ ವಯಸ್ಸಿನಲ್ಲಿ ಕಂಬ ಹತ್ತಲು ನನ್ನಿಂದಾಗದಪ್ಪಾ ಎಂದೆ. ಅವನು ನಕ್ಕು, "ಹತ್ತೂದಲ್ಲ, ಬರಿಯೂದು" ಎಂದು ಮರಾಠಿಯ ಒಂದು ಹ್ಯಾಂಡ್‌ಬಿಲ್ಲನ್ನು ಕೈಗಿಟ್ಟ. ಅಲ್ಲಿಂದ ಶುರುವಾಯಿತು.

ಈ ಕೆಲಸದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ಮಕ್ಕಳಿಗೆ ನೆರವಾಗುವವರಲ್ಲಿ ಕೆಲವರು ಅನ್ನ ಕೊಡುತ್ತಾರೆ, ಕೆಲವರು ಔಷಧ, ಕೆಲವರು ಪಾಠ, ಕೆಲವರು ಕೋರ್ಟು ಕಚೇರಿ ತಿರುಗುತ್ತಾರೆ. ಇವೆಲ್ಲ ಎಲ್ಲಿ ಸಿಗುತ್ತವೆ, ಯಾರನ್ನು ಕೇಳಬೇಕು, ಕೇಳುವ ಹಕ್ಕು ಉಂಟೋ ಇಲ್ಲವೋ ಎಂಬುದನ್ನು ಮನೆಮನೆಗೆ ತಿಳಿಸುವವರು ಬೇರೆ ಬೇಕಾಗುತ್ತಾರೆ. ಹಾಗೆಯೇ ಮನೆಯ ಮಾತನ್ನು ಕಚೇರಿಗೆ ಮುಟ್ಟಿಸುವವರೂ ಬೇಕು. ಸಂಬಳವಿಲ್ಲದೆ ಇದನ್ನು ಮಾಡುವವನೇ ಈ ವಾಲಂಟಿಯರ್.

ಇದು ಹೊಸ ಕೆಲಸವೇನಲ್ಲ. ಮಕ್ಕಳ ಹಕ್ಕು ಎಂಬ ಮಾತು ಜಗತ್ತಿನಲ್ಲಿ ಓಡಾಡಲು ತೊಡಗಿದ್ದೇ ಒಂದು ಹ್ಯಾಂಡ್‌ಬಿಲ್ಲಿನಿಂದ ಎಂದರೆ ನೀವು ನಂಬಬೇಕು. ಮೊದಲನೆಯ ಮಹಾಯುದ್ಧ 1918ರ ನವೆಂಬರಿನಲ್ಲಿ ನಿಂತಿತಷ್ಟೆ. ಆದರೆ ಇಂಗ್ಲೆಂಡ್ ಮತ್ತು ಅದರ ಮಿತ್ರರು ಜರ್ಮನಿ, ಆಸ್ಟ್ರಿಯಾಗಳಿಗೆ ಹಾಕಿದ್ದ ಸಮುದ್ರದ ದಿಗ್ಬಂಧನವನ್ನು ಒಡನೆಯೇ ತೆಗೆಯಲಿಲ್ಲ. ಸೋತ ದೇಶದ ಮಕ್ಕಳು ಹಾಲಿಲ್ಲದೆ ಒಣಗಿದರು. 1919ರಲ್ಲಿ ಎಗ್ಲಾಂಟೈನ್ ಜೆಬ್ ಎಂಬ ಇಂಗ್ಲಿಷ್ ಹೆಂಗಸು, ಆಸ್ಟ್ರಿಯಾದ ಬಡಕಲು ಮಗುವೊಂದರ ಚಿತ್ರ ಹಾಕಿ, ಇದಕ್ಕೆ ನಮ್ಮ ದಿಗ್ಬಂಧನವೇ ಕಾರಣವೆಂದು ಅಚ್ಚು ಹಾಕಿಸಿ, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿದಳು. ಸೆನ್ಸಾರಿನ ಒಪ್ಪಿಗೆ ಇಲ್ಲದ ಕಾಗದವೆಂದು ಪೋಲೀಸರು ಹಿಡಿದರು. ಅವಳು ವಕೀಲರನ್ನಿಡದೆ ತಾನೇ ವಾದ ಮಾಡಿದಳು. 5 ಪೌಂಡು ದಂಡ ಬಿತ್ತು. ಅವಳ ವಿರುದ್ಧ ವಾದಿಸಿದ ಸರಕಾರಿ ವಕೀಲನೇ ಆ ಹಣವನ್ನು ಅವಳ ಕೈಗಿತ್ತನೆಂದು ಅವಳ ಚರಿತ್ರೆಯಲ್ಲಿ ಹೇಳುತ್ತಾರೆ. ಅದೇ ಮೇ ತಿಂಗಳಲ್ಲಿ ಅವಳೂ ಅವಳ ತಂಗಿ ಡೊರೊಥಿ ಬಕ್ಸ್‌ಟನ್ನಳೂ ಸೇರಿ 'ಸೇವ್ ದಿ ಚಿಲ್ಡ್ರನ್' ನಿಧಿಯನ್ನು ಆರಂಭಿಸಿದರು. 1921ರ ರಷ್ಯಾದ ಬರಗಾಲಕ್ಕೆ ಹಣ ಎತ್ತಲು ಅವರು ಪೇಪರಿನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟರು, ಸಿನೆಮಾ ತೆಗೆಸಿ ತೋರಿಸಿದರು. ಆ ಕಾಲಕ್ಕೆ ಧರ್ಮಕಾರ್ಯದವರು ಹೀಗೆ ಮಾಡುವುದು ಕಡಿಮೆ. ಇನ್ನೊಂದು ಮಾತು: ಈ ಬಾಯಿಗೆ ಮಕ್ಕಳನ್ನು ಕಂಡರೆ ಅಷ್ಟೇನೂ ಇಷ್ಟವಿರಲಿಲ್ಲವಂತೆ. ಸಾಲಿಯಲ್ಲಿ ಕೆಲ ದಿನ ಕಲಿಸಿ ಬಿಟ್ಟವಳು. ಇದನ್ನು ಕೇಳಿ ನನಗೆ ಸಮಾಧಾನವಾಯಿತು, ಏಕೆಂದರೆ ನಾನೂ ಮಕ್ಕಳನ್ನು ಆಡಿಸುವವನಲ್ಲ.

ಮುಂದೆ ಅವಳು ಬರೆದ ಐದು ಅಂಶಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಸಂಘ ಒಪ್ಪಿತು. 1959ರಲ್ಲಿ ವಿಶ್ವಸಂಸ್ಥೆ ಅದನ್ನು ಹತ್ತು ಅಂಶಕ್ಕೆ ಬೆಳೆಸಿತು. 1989ರ ನವೆಂಬರ್ 20ರಂದು 54 ಕಲಮುಗಳ ಒಡಂಬಡಿಕೆಯಾಯಿತು. ನಮ್ಮ ದೇಶ 1992ರ ಡಿಸೆಂಬರಿನಲ್ಲಿ ಅದಕ್ಕೆ ಸೇರಿತು.

ಆ ಒಡಂಬಡಿಕೆಯನ್ನು ನಾನು ಪೂರ್ತಿ ಓದಿದೆ. ಬ್ಯಾಂಕಿನ ಸರ್ಕ್ಯುಲರ್ ಓದಿ ಓದಿ ಇಂಥದು ಓದುವ ತಾಳ್ಮೆ ಬಂದಿದೆ. 42ನೆಯ ಕಲಮು ಹೇಳುತ್ತದೆ: ಈ ಹಕ್ಕುಗಳನ್ನು ದೊಡ್ಡವರಿಗೂ ಮಕ್ಕಳಿಗೂ ತಿಳಿಯುವಂತೆ ಪ್ರಚಾರ ಮಾಡುವುದು ಸರಕಾರದ ಕರ್ತವ್ಯ. 17ನೆಯ ಕಲಮು ಗಡಿಯ ನಮಗೆ ಇನ್ನೂ ಹತ್ತಿರದ್ದು. ಅಲ್ಪಸಂಖ್ಯಾತ ಭಾಷೆಯ ಮಕ್ಕಳ ಭಾಷೆಯ ಅಗತ್ಯವನ್ನು ಪತ್ರಿಕೆ, ರೇಡಿಯೋಗಳು ಗಮನದಲ್ಲಿಡುವಂತೆ ಸರಕಾರ ಪ್ರೋತ್ಸಾಹಿಸಬೇಕು ಎಂದು ಅದರಲ್ಲಿದೆ. ಈಗ ನೀವು ಕೇಳುತ್ತಿರುವ ಈ ಕನ್ನಡದ ಅರ್ಧ ತಾಸು ಯಾರೋ ದಯಕ್ಕೆ ಕೊಟ್ಟದ್ದಲ್ಲ. ನಮ್ಮ ಸಂವಿಧಾನದ 350ಎ ಕಲಮೂ 1956ರಿಂದ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತ ಬಂದಿದೆ.

ಭಾಷೆಯ ಮಾತು ಬಂತೆಂದು 1972ರ ಬರಗಾಲ ನೆನಪಾಗುತ್ತದೆ. ಆಗ ನನಗೆ 14 ವರ್ಷ. ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುವವರಿಗೆ ಸುಕಡಿ ಕೊಡುತ್ತಿದ್ದರು. ಮನೆಯಲ್ಲಿ ಮಿಲೋ ಜೋಳದ ಕೆಂಪು ರೊಟ್ಟಿ. ಒಮ್ಮೆ ಕಾಮಗಾರಿಯ ಜಾಗ ಬದಲಾಯಿತು. ಚಾವಡಿ ಗೋಡೆಗೆ ಮರಾಠಿಯಲ್ಲಿ ನೋಟೀಸು ಹಚ್ಚಿದ್ದರು. ನಮ್ಮವ್ವ ಕನ್ನಡವನ್ನೇ ಓದಲಾರದವಳು. ನಮ್ಮ ಓಣಿಯ ಏಳೆಂಟು ಹೆಣ್ಣುಮಕ್ಕಳು ಹಳೆಯ ಜಾಗಕ್ಕೇ ಹೋಗಿ, ಯಾರೂ ಇಲ್ಲದ್ದನ್ನು ನೋಡಿ, ಬುಟ್ಟಿ ಹೊತ್ತು ತಿರುಗಿ ಬಂದರು. ಎರಡು ದಿನ ಹೀಗೇ ಆಯಿತು. ನೋಟೀಸು ಹಚ್ಚಿದವರು ತಮ್ಮ ಕೆಲಸ ಮಾಡಿದ್ದರು, ಆದರೆ ಸುದ್ದಿ ಮುಟ್ಟಿರಲಿಲ್ಲ.

ಇನ್ನು ನಮ್ಮ ಈಗಿನ ಕೆಲಸ. ನಮ್ಮ ಕಡೆ ದಸರಾ ದೀಪಾವಳಿ ಆಯಿತೆಂದರೆ ಕಬ್ಬು ಕಡಿಯುವ ಟೋಳಿಗಳು ಹೊರಡುತ್ತವೆ. ಮುಕಾದಮರಿಂದ ಉಚಲ ತೆಗೆದುಕೊಂಡ ಮೇಲೆ ಹೋಗಲೇಬೇಕು. ಗಂಡ ಹೆಂಡತಿ ಜೋಡಿಗೆ ಒಂದು ಕೊಯ್ತಾ ಎಂದು ಲೆಕ್ಕ, ಉಚಲವೂ ಅದರಂತೆ. ಹಂಗಾಮು ಮುಗಿದು ಬರುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಕೂಸುಗಳ ಗತಿ? ಅಜ್ಜಿ ಗಟ್ಟಿ ಇದ್ದರೆ ಊರಲ್ಲಿ, ಇಲ್ಲದಿದ್ದರೆ ಟ್ರ್ಯಾಕ್ಟರಿನಲ್ಲಿ. ಜೋಡಿ ಇದ್ದರೇ ಉಚಲ ಎಂಬ ಲೆಕ್ಕದಿಂದಲೇ ಹುಡುಗಿಯರ ಮದುವೆ ಬೇಗ ಮಾಡುವುದೂ ಉಂಟು. ಇದನ್ನು ಬರಿಯ ಮೌಢ್ಯವೆಂದು ಬೈಯುವವರು ಆ ಲೆಕ್ಕವನ್ನು ನೋಡಿಲ್ಲ.

2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 5ನೆಯ ಕಲಮು ಇಂಥ ಮನೆಗಳಿಗೆ ಬಹಳ ಮುಖ್ಯ. 6ರಿಂದ 14 ವರ್ಷದ ಮಗು ಯಾವ ಕಾರಣಕ್ಕೇ ಆಗಲಿ ಇನ್ನೊಂದು ಊರಿಗೆ, ಇನ್ನೊಂದು ರಾಜ್ಯಕ್ಕೆ ಹೋಗಬೇಕಾಗಿ ಬಂದರೂ ಅಲ್ಲಿನ ಸರಕಾರಿ ಸಾಲಿಗೆ ವರ್ಗ ಕೇಳುವ ಹಕ್ಕು ಅದಕ್ಕಿದೆ. ಹೆಡ್‌ಮಾಸ್ತರರು ದಾಖಲಾ, ಅಂದರೆ ಟಿ.ಸಿ.ಯನ್ನು, ಕೂಡಲೇ ಕೊಡಬೇಕು. ದಾಖಲಾ ತಡವಾಯಿತೆಂದು ಆ ಕಡೆಯ ಸಾಲಿಯವರು ಮಗುವನ್ನು ಹೊರಗಿಡುವಂತಿಲ್ಲ. ಹುಟ್ಟಿದ ತಾರೀಖಿನ ಕಾಗದವಿಲ್ಲ ಎಂದೂ ನಿರಾಕರಿಸುವಂತಿಲ್ಲ. ಹೀಗೆ ಹೋಗುವ ಮಕ್ಕಳಿಗೆ ಮಹಾರಾಷ್ಟ್ರದಲ್ಲಿ ಶಿಕ್ಷಣ ಹಮೀ ಕಾರ್ಡ್ ಎಂಬ ಕಾಗದ ಕೊಡುವ ವ್ಯವಸ್ಥೆಯೂ ಬಂತು.

ಇದನ್ನೇ ನಾನು ಮೊದಲ ಸಲ ಕನ್ನಡ ಮಾಡಿದ್ದು. 'ವಲಸೆ ಕಾರ್ಮಿಕರ ಅಪತ್ಯರ ಶೈಕ್ಷಣಿಕ ಹಕ್ಕುಗಳು' ಎಂದು ತಲೆಬರಹ ಕೊಟ್ಟು ಬಹಳ ಹಿಗ್ಗಿದೆ. ಸಂಜೆ ಕಟ್ಟೆಯ ಮೇಲೆ ಓದಿದಾಗ ಒಬ್ಬ ಹೆಣ್ಣುಮಗಳು, "ಯಪ್ಪಾ, ಅಪತ್ಯ ಅಂದ್ರ ಏನ್ರಿ? ಯಾರರ ಸತ್ತಾರೇನು?" ಎಂದು ಗಾಬರಿಯಾಗಿ ಕೇಳಿದಳು. ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಹರಿದು ಹಾಕಿದೆ. ಎರಡನೆಯ ಸಲ ಬರೆದದ್ದು ಇಷ್ಟೇ: 'ಕಬ್ಬಿಗೆ ಹೋಗೂ ಮುಂದ ಮಗೂನ ದಾಖಲಾ ಕೇಳಿ ತಗೋರಿ. ದಾಖಲಾ ಸಿಗದಿದ್ದರೂ ಅಲ್ಲಿ ಸಾಲಿಗೆ ಹಚ್ಚರಿ. ಇಲ್ಲ ಅನ್ನಾಕ ಬರೂದಿಲ್ಲ.' ಇದು ಬಾಯಿಂದ ಬಾಯಿಗೆ ಹೋಯಿತು. ದಾಖಲಾ ಮರಾಠಿ ಶಬ್ದವಲ್ಲವೇ ಎಂದು ಒಬ್ಬ ಮಾಸ್ತರರು ಆಕ್ಷೇಪಿಸಿದರು. ಇರಲಿ, ನಮ್ಮ ಊರಿನ ಕನ್ನಡದಲ್ಲಿ ಅದು ನಮ್ಮದೇ.

ಇನ್ನೊಂದು ಕೆಲಸ 1098 ಎಂಬ ನಂಬರನ್ನು ತಿಳಿಸುವುದು. ಆಪತ್ತಿನಲ್ಲಿರುವ ಮಕ್ಕಳಿಗಾಗಿ ಈ ಪುಕ್ಕಟೆ ಫೋನ್ ಸೇವೆ 1996ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಜೆರೂ ಬಿಲಿಮೋರಿಯಾ ಎಂಬವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದು ಇದನ್ನು ಕಟ್ಟಿದರು. ಬೀದಿಯ ಮಕ್ಕಳಿಗೆ ನೆನಪಿಡಲು ಸುಲಭವಾಗಲೆಂದು ದಸ್, ನೌ, ಆಠ್ ಎಂದು ಹೇಳುತ್ತಾರೆ. ನಾವು ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸುವುದನ್ನು ಕಲಿಸಿದೆವು. 2023ರಿಂದೀಚೆಗೆ ಇದು ಸರಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯ ಕೈಗೆ ಹೋಗಿ 112ರ ಜೊತೆ ಜೋಡಣೆಯಾಗಿದೆ. ನಂಬರು ಮಾತ್ರ ಅದೇ. ಗೋಡೆಗೆ ಬರೆಯುವಾಗ ಒಂದು ಪಾಠ ಕಲಿತೆ. ನಾನು ಅಭಿಮಾನದಿಂದ ಕನ್ನಡ ಅಂಕಿಯಲ್ಲಿ ೧೦೯೮ ಎಂದು ಬರೆಸಿದ್ದೆ. ಒಬ್ಬ ಹುಡುಗ ಮೊಬೈಲು ಹಿಡಿದುಕೊಂಡು, "ಅಜ್ಜಾ, ಈ ಬಟನ್ ಎಲ್ಲೈತಿ?" ಎಂದ. ಫೋನಿನ ಮೇಲಿರುವ ಅಂಕಿಯಲ್ಲೇ ಬರೆಯಬೇಕು. ಇನ್ನು, ಗಡಿಯ ಊರುಗಳಲ್ಲಿ ಮೊಬೈಲು ಆಚೆಯ ರಾಜ್ಯದ ಟಾವರು ಹಿಡಿಯುವುದುಂಟು. ಆದ್ದರಿಂದ ಫೋನು ಎತ್ತಿದ ಕೂಡಲೇ ರಾಜ್ಯ, ಜಿಲ್ಲೆ, ತಾಲೂಕು, ಊರು, ಈ ಕ್ರಮದಲ್ಲಿ ಹೇಳಲು ಮಕ್ಕಳಿಗೆ ಕಲಿಸಿರಿ.

ಈಗ ನನ್ನ ತಪ್ಪನ್ನು ಹೇಳಬೇಕು. ಎರಡನೆಯ ವರ್ಷ ನಾಲ್ಕು ಪುಟದ ಒಂದು ಸುದ್ದಿ ಕಾಗದ ಹೊರಡಿಸಿದೆವು. ಅದರಲ್ಲಿ ನಾನು ಹುಡುಗಿಯೊಬ್ಬಳ ಮದುವೆ ನಿಂತ ಸಂಗತಿಯನ್ನು ಬರೆದೆ. ಹೆಸರು ಹಾಕಲಿಲ್ಲ. ಊರು ಹಾಕಿದೆ, 7ನೆಯ ಇಯತ್ತೆ ಎಂದು ಹಾಕಿದೆ, ತಂದೆ ಕಬ್ಬಿಗೆ ಹೋಗುವವನೆಂದು ಹಾಕಿದೆ. ಒಳ್ಳೆಯ ಸುದ್ದಿ, ನಾಲ್ಕು ಜನಕ್ಕೆ ಧೈರ್ಯ ಬರಲಿ ಎಂಬುದು ನನ್ನ ಭಾವನೆ. ವಾರದೊಳಗೆ ಆ ಹುಡುಗಿ ಸಾಲಿಗೆ ಬರುವುದನ್ನು ಬಿಟ್ಟಳು. ನಾನು ಅವರ ಮನೆಗೆ ಹೋದೆ. ಅವಳ ತಾಯಿ ನನಗೆ ನೀರು ಕೊಟ್ಟು, ಆಮೇಲೆ ಕೇಳಿದಳು: "ಹೆಸರು ಬರದಿಲ್ಲ ಅಂತೀರಿ ಕಾಕಾ. ನಮ್ಮೂರಾಗ ಏಳನೇತ್ತೆ ಹುಡುಗ್ಯಾರು ಎಷ್ಟ ಮಂದಿ ಅದಾರ?" ಮೂರು ಮಂದಿ ಇದ್ದರು. ಒಬ್ಬಳ ತಂದೆ ಮಾಸ್ತರ, ಇನ್ನೊಬ್ಬಳ ತಂದೆಗೆ ಕಿರಾಣಿ ಅಂಗಡಿ.

2015ರ ಬಾಲ ನ್ಯಾಯ ಕಾಯಿದೆಯ 74ನೆಯ ಕಲಮನ್ನು ನಾನು ಆಮೇಲೆ ಓದಿದೆ. ರಕ್ಷಣೆ ಬೇಕಾದ ಮಗುವಿನ, ಅನ್ಯಾಯಕ್ಕೊಳಗಾದ ಮಗುವಿನ ಹೆಸರು, ವಿಳಾಸ, ಸಾಲಿ ಅಥವಾ ಗುರುತು ಹತ್ತುವಂಥ ಬೇರೆ ಯಾವ ವಿವರವನ್ನೂ ಪ್ರಕಟಿಸಬಾರದು. ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಜೆಬ್ ಬಾಯಿಯ ಹ್ಯಾಂಡ್‌ಬಿಲ್ಲಿನಲ್ಲಿದ್ದ ಆ ಮಗುವಿನ ಒಪ್ಪಿಗೆಯನ್ನು ಕೇಳುವ ರೂಢಿ ಆ ಕಾಲದಲ್ಲಿರಲಿಲ್ಲ. 1989ರ ಒಡಂಬಡಿಕೆಯ 16ನೆಯ ಕಲಮಿನಲ್ಲಿ ಮಗುವಿನ ಖಾಸಗಿ ಬಾಳಿಗೂ ಮಾನಕ್ಕೂ ರಕ್ಷಣೆ ಬಂತು. ಓದಿ ಹೇಳುವವನೇ ನಾನು, ನನಗೇ ಅದು ತಲೆಗೆ ಹತ್ತಿರಲಿಲ್ಲ.

200 ಪ್ರತಿ ಅಚ್ಚಾಗಿದ್ದವು. ಸೈಕಲ್ ಹೊಡೆದುಕೊಂಡು ಅಂಗಡಿ, ಚಾವಡಿ, ಗಿರಣಿ ತಿರುಗಿ ವಾಪಸು ತಂದೆ. 163 ಸಿಕ್ಕವು. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಕಡಿಮೆ ಬಂದರೆ ಕೈಯಿಂದ ತುಂಬಿ ಮನೆಗೆ ಹೋಗುತ್ತಿದ್ದೆವು. ಈ 37ನ್ನು ಯಾವುದರಿಂದ ತುಂಬುವುದು? ಹುಡುಗಿಯನ್ನು ತಾಯಿ ಚಡಚಣದ ಕಡೆ ತನ್ನ ತಂಗಿಯ ಊರಿಗೆ ಕಳಿಸಿದಳು. ದಾಖಲಾ ಬೇಕಾದಾಗ ಹೆಡ್‌ಮಾಸ್ತರರ ಮುಂದೆ ನಮ್ಮದೇ ಹಳೆಯ ಹ್ಯಾಂಡ್‌ಬಿಲ್ಲನ್ನು ಹಿಡಿದಳಂತೆ. ಅದೇ ದಿನ ಕೊಟ್ಟರು. ಹುಡುಗಿ ಮುಂದೆ ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿಸಲು ನಾನೂ ಹೋಗಲಿಲ್ಲ.

ಅಂದಿನಿಂದ ಬ್ಯಾಂಕಿನ ಹಳೆಯ ಪದ್ಧತಿಯೊಂದನ್ನು ಇಲ್ಲಿ ತಂದಿದ್ದೇನೆ. ಓದು ಬರದವರ ಹೆಬ್ಬೆಟ್ಟು ತೆಗೆದುಕೊಳ್ಳುವ ಮೊದಲು ಕಾಗದದಲ್ಲಿ ಇರುವುದನ್ನು ಅವರ ಭಾಷೆಯಲ್ಲಿ ಓದಿ ತಿಳಿಸಿದ್ದೇವೆಂದು ಬರೆದು, ಸಾಕ್ಷಿ ಹಾಕಿಸುತ್ತಿದ್ದೆವು. ಈಗ ಯಾವ ಮಗುವಿನ ಮಾತನ್ನು ಬರೆದರೂ ಆ ಮಗುವಿಗೂ ತಾಯಿತಂದೆಗೂ ಓದಿ ಹೇಳುತ್ತೇನೆ. ಬೇಡ ಎಂದರೆ ಅಲ್ಲಿಗೇ ಬಿಟ್ಟೆ. ಆಪತ್ತಿನಲ್ಲಿರುವ ಮಗುವಾದರೆ ಅವರು ಹೂಂ ಎಂದರೂ ಗುರುತಿನದನ್ನೆಲ್ಲ ತೆಗೆದುಬಿಡುತ್ತೇನೆ. ಊರಿನ ಬದಲು ತಾಲೂಕು, ಇಯತ್ತೆಯ ಬದಲು 'ಸಾಲಿ ಕಲಿಯುವ ಹುಡುಗಿ'. ಆಮೇಲೆ ಅದೇ ಊರಿನ ಒಬ್ಬರಿಗೆ ತೋರಿಸಿ, ಇದು ಯಾರದ್ದೆಂದು ಗೊತ್ತಾಗುತ್ತದೆಯೇ ಎಂದು ಕೇಳಬೇಕೆಂದು ಮೊದಲು ಮಾಡಿದ್ದೆ. ಅದೂ ತಪ್ಪೆಂದು ಹುಡುಗರು ತಿದ್ದಿದರು, ಕೇಳುವುದರಿಂದಲೇ ಗುಮಾನಿ ಹುಟ್ಟುತ್ತದೆ. ಫೋಟೋ ಬೇಕೇ ಆದರೆ ಬೆನ್ನಿನ ಕಡೆಯಿಂದ, ಸಾಲಿಯ ಬೋರ್ಡು ಬಾರದಂತೆ. ದಾನ ಕೊಡುವವರಿಗೆ ಅಳುವ ಮುಖವೇ ಬೇಕೆಂದು ಪಟ್ಟಣದಿಂದ ಬಂದವರೊಬ್ಬರು ಹಟ ಹಿಡಿದರು. ನಾನು ಅವರಿಗೆ ಚಹಾ ಕುಡಿಸಿ ಬಸ್ಸಿಗೆ ಹತ್ತಿಸಿದೆ.

ಈ ವರ್ಷದ ಹಂಗಾಮಿಗೆ 400 ಹ್ಯಾಂಡ್‌ಬಿಲ್ಲು ಬೇಕು, ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಟ್ರ್ಯಾಕ್ಟರುಗಳು ಹೊರಡುವ ಹಿಂದಿನ ಸಂಜೆ ಓಣಿ ಓಣಿಗೆ ಓದಿ ಹೇಳುವವರೂ ಬೇಕು. ಹೆಣ್ಣುಮಕ್ಕಳು ಮುಂದೆ ಬಂದರೆ ಬಹಳ ಒಳ್ಳೆಯದು, ಏಕೆಂದರೆ ತಾಯಂದಿರು ನನ್ನಂಥ ಮುದುಕನ ಮುಂದೆ ಎಲ್ಲವನ್ನೂ ಹೇಳುವುದಿಲ್ಲ. ನಿಮ್ಮ ಊರಿನ ಅಂಗನವಾಡಿಯ ಬಾಯಿಯವರನ್ನೋ ಸಾಲಿಯ ಮಾಸ್ತರರನ್ನೋ ಕೇಳಿದರೆ ಅಲ್ಲಿ ಇಂಥ ಕೆಲಸ ಯಾರು ಮಾಡುತ್ತಿದ್ದಾರೆಂದು ತಿಳಿಸುತ್ತಾರೆ. ಅಕ್ಷರ ದುಂಡಗಿರಬೇಕೆಂದೇನೂ ಇಲ್ಲ.