ಎತ್ತು ದಾರಿ ಬಲ್ಲದು, ಯಂತ್ರ ಬಲ್ಲದೇ?

ಸಂತೆ ಮುಗಿಸಿಕೊಂಡು ರಾತ್ರಿ ಊರಿಗೆ ಹಿಂದಿರುಗುವಾಗ ಗಾಡಿಯಲ್ಲಿ ಹುಲ್ಲು ಹಾಸಿಕೊಂಡು ಮಲಗುತ್ತಿದ್ದ ದಿನಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಹಗ್ಗ ಸಡಿಲ ಬಿಟ್ಟರೂ ಎತ್ತುಗಳು ತಪ್ಪದೆ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಎತ್ತಿಗೆ ದಾರಿ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಅದಕ್ಕೂ ಕಣ್ಣು, ಕಿವಿ, ಪ್ರಾಣಭಯ ಇದ್ದವು. ಹಳ್ಳ ಕಂಡರೆ ಅದು ತಾನಾಗಿಯೇ ನಿಲ್ಲುತ್ತಿತ್ತು. ಅಲ್ಲದೆ ಗಾಡಿ ಓಡುತ್ತಿದ್ದುದು ಗಂಟೆಗೆ ಮೂರು ನಾಲ್ಕು ಕಿ.ಮೀ. ವೇಗದಲ್ಲಿ.

ಇಂದು ನಮ್ಮಲ್ಲಿ ಬಹುಮಂದಿ ತರಕಾರಿ, ಹೂವು, ಹಾಲನ್ನು ಪಿಕ್‌ಅಪ್ ವಾಹನದಲ್ಲೋ ಮೋಟಾರು ಸೈಕಲ್ಲಿನಲ್ಲೋ ಸಾಗಿಸುತ್ತಾರೆ. ಕೆಲವರ ಮನೆಗೆ ಕಾರೂ ಬಂದಿದೆ. ಹೊಸ ವಾಹನಗಳಲ್ಲಿ ಬೀಪ್ ಎಂದು ಎಚ್ಚರಿಸುವ, ಚಕ್ರ ಜಾರದಂತೆ ತಡೆಯುವ, ಕೆಲವು ಕಾರುಗಳಲ್ಲಿ ತಾನೇ ಬ್ರೇಕು ಹಾಕುವ ಎಲೆಕ್ಟ್ರಾನಿಕ್ ಸಾಧನಗಳಿವೆ. "ಗಾಡಿಯೇ ಎಲ್ಲ ನೋಡಿಕೊಳ್ಳುತ್ತದೆ" ಎಂಬ ಮಾತು ಈಗ ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುತ್ತಿದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯಕ.

ಅರೆಕೆರೆಯ ದಾರಿಯಲ್ಲಿ

ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟ ರಸ್ತೆಯಲ್ಲಿರುವ ಅರೆಕೆರೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಇದು ಕೆರೆ, ಹೊಲಗಳ ನಡುವಿನ ಹಳ್ಳಿ. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆಯ ಪ್ರದೇಶಗಳು ಬೆಂಗಳೂರು ಮಹಾನಗರದಲ್ಲಿ ಸೇರಿದ ಮೇಲೆ ಇದು ಪೂರ್ಣವಾಗಿ ಪೇಟೆಯ ಭಾಗವಾಯಿತು. ಈಗ ರಸ್ತೆಯ ಉದ್ದಕ್ಕೂ ಮೆಟ್ರೊ ಮಾರ್ಗದ ಕಂಬಗಳು ನಿಂತಿವೆ.

ನೀವು ಆನೇಕಲ್ ಕಡೆಯಿಂದ ನಸುಕಿನಲ್ಲಿ ಟೊಮ್ಯಾಟೊ ತುಂಬಿಕೊಂಡು ಕೃಷ್ಣರಾಜ ಮಾರುಕಟ್ಟೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಜಿಗಣಿ, ಬನ್ನೇರುಘಟ್ಟ ದಾಟಿ, ಗೊಟ್ಟಿಗೆರೆ, ಹುಳಿಮಾವು ಕಳೆದು ಅರೆಕೆರೆ ಗೇಟಿಗೆ ಬರುತ್ತೀರಿ. ಆ ಹೊತ್ತಿಗೆ ಕಂಬದ ಮರೆಯಿಂದ ಒಬ್ಬ ಮುದುಕ ರಸ್ತೆ ದಾಟಬಹುದು. ದೀಪವಿಲ್ಲದ ಸ್ಕೂಟರು ಎದುರು ದಿಕ್ಕಿನಿಂದ ಬರಬಹುದು. ಮುಂದಿನ ಬಸ್ಸು ಇದ್ದಕ್ಕಿದ್ದಂತೆ ನಿಲ್ಲಬಹುದು. ಹಸುವೊಂದು ನಡುರಸ್ತೆಯಲ್ಲಿ ಮಲಗಿರಬಹುದು.

ಕ್ಯಾಮರಾ, ರಾಡಾರುಗಳಿಂದ ಮುಂದಿನ ದಾರಿಯನ್ನು ಗಮನಿಸುವ ಸಾಧನಗಳು ಚೆನ್ನಾಗಿ ಕೆಲಸ ಮಾಡುವುದು ಬಿಳಿ ಗೆರೆ ಸ್ಪಷ್ಟವಾಗಿರುವ, ಎಲ್ಲ ವಾಹನಗಳೂ ಒಂದೇ ದಿಕ್ಕಿಗೆ ಚಲಿಸುವ ರಸ್ತೆಗಳಲ್ಲಿ. ಮಳೆ, ಮಂಜು, ಕೆಸರು, ಎದುರು ಬಿಸಿಲು ಇವುಗಳಿಂದ ಕ್ಯಾಮರಾದ ನೋಟ ಮಂದವಾಗುತ್ತದೆ. ಇಂಥ ಮಿತಿಗಳನ್ನು ವಾಹನದೊಡನೆ ಕೊಡುವ ಕೈಪಿಡಿಯಲ್ಲಿ ತಯಾರಕರೇ ಬರೆದಿರುತ್ತಾರೆ. ಹೊಣೆ ಚಾಲಕನದೇ ಎಂದೂ ಅದರಲ್ಲಿ ಹೇಳಿರುತ್ತದೆ. ಆದರೆ ಕೈಪಿಡಿಯನ್ನು ಬಿಚ್ಚಿ ಓದುವವರು ಕಡಿಮೆ.

ಸಾಧನಗಳು ಮಾಡುವ ಕೆಲಸವೇನು?

ಇವುಗಳಲ್ಲಿ ಮುಖ್ಯವಾದದ್ದು ಎ.ಬಿ.ಎಸ್. ಎಂಬ ಬ್ರೇಕು ವ್ಯವಸ್ಥೆ. ಗಾಬರಿಯಿಂದ ಬ್ರೇಕನ್ನು ಬಲವಾಗಿ ತುಳಿದಾಗ ಚಕ್ರ ತಿರುಗುವುದನ್ನು ನಿಲ್ಲಿಸಿ ಉಜ್ಜಿಕೊಂಡು ಹೋಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ವಾಹನ ತಿರುಗುವುದಿಲ್ಲ. ಎ.ಬಿ.ಎಸ್. ಪ್ರತಿ ಚಕ್ರದ ವೇಗವನ್ನು ಅಳೆದು, ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಇದರಿಂದ ಬ್ರೇಕು ಹಾಕುತ್ತಲೇ ಪಕ್ಕಕ್ಕೆ ತಿರುಗಿಸಿಕೊಳ್ಳಲು ಸಾಧ್ಯವಾಗುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ, 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ಮೋಟಾರು ಸೈಕಲ್ಲುಗಳಿಗೂ ಇದು ಕಡ್ಡಾಯವಾಯಿತು.

2019ರ ಜುಲೈಯಿಂದ ತಯಾರಾದ ಕಾರುಗಳಲ್ಲಿ ಸೀಟ್ ಬೆಲ್ಟ್ ನೆನಪಿಸುವ ಗಂಟೆ, ವೇಗ 80 ಕಿ.ಮೀ. ದಾಟಿದರೆ ಎಚ್ಚರಿಸುವ ಸದ್ದು, ಹಿಂದಕ್ಕೆ ಚಲಿಸುವಾಗ ಅಡ್ಡಿ ತಿಳಿಸುವ ಸೆನ್ಸಾರು ಇವೂ ಕಡ್ಡಾಯವಾದವು.

ಇವೆಲ್ಲ ಒಳ್ಳೆಯವೇ. ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಕೊಳ್ಳುವಾಗ ಇಂಥ ಸಾಧನವಿರುವ ವಾಹನವನ್ನೇ ಕೊಳ್ಳಿ. ಆದರೆ ಒಂದು ಅಂಶವನ್ನು ಗಮನಿಸಿ. ಎ.ಬಿ.ಎಸ್. ಕೆಲಸ ಆರಂಭವಾಗುವುದು ನೀವು ಬ್ರೇಕು ತುಳಿದ ಮೇಲೆ. ವೇಗದ ಸದ್ದು ಕೇಳುವುದು ವೇಗ ಮೀರಿದ ಮೇಲೆ. ಅಪಾಯವನ್ನು ದೂರದಿಂದಲೇ ಗುರುತಿಸಿ ಮೊದಲೇ ನಿಧಾನ ಮಾಡುವ ಕೆಲಸ ಇಂದಿಗೂ ಚಾಲಕನ ಕಣ್ಣು ಮತ್ತು ಕಾಲಿಗೇ ಸೇರಿದ್ದು.

ಜಲ್ಲಿ, ಮರಳು ಹರಡಿದ ದಾರಿಯಲ್ಲಿ ಎ.ಬಿ.ಎಸ್. ಇರುವ ವಾಹನ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುವುದೂ ಉಂಟು. ಉಜ್ಜುವ ಚಕ್ರ ತನ್ನ ಮುಂದೆ ಜಲ್ಲಿಯನ್ನು ಗುಡ್ಡೆ ಮಾಡಿಕೊಂಡು ಬೇಗ ನಿಲ್ಲುತ್ತದೆ. ತಿರುಗುವ ಚಕ್ರಕ್ಕೆ ಆ ಅನುಕೂಲವಿಲ್ಲ. ನಮ್ಮ ಹಳ್ಳಿ ದಾರಿಗಳು ಬಹುತೇಕ ಇಂಥವೇ ಎಂಬುದನ್ನು ಮರೆಯಬಾರದು.

ಒಂದು ಸಣ್ಣ ಲೆಕ್ಕ

ಅಡ್ಡಿ ಕಂಡ ಗಳಿಗೆಯಿಂದ ಕಾಲು ಬ್ರೇಕನ್ನು ಒತ್ತುವವರೆಗೆ ಸುಮಾರು ಒಂದೂವರೆ ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ವಾಹನ ಪೂರ್ತಿ ನಿಲ್ಲಲು ಬೇಕಾಗುವ ಒಟ್ಟು ದೂರ ಹೀಗಿರುತ್ತದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ: 17 + 10 = ಸುಮಾರು 27 ಮೀಟರು
ಗಂಟೆಗೆ 60 ಕಿ.ಮೀ. ವೇಗದಲ್ಲಿ: 25 + 23 = ಸುಮಾರು 48 ಮೀಟರು
ಗಂಟೆಗೆ 80 ಕಿ.ಮೀ. ವೇಗದಲ್ಲಿ: 33 + 41 = ಸುಮಾರು 74 ಮೀಟರು

ಮೊದಲ ಅಂಕಿ ಬ್ರೇಕು ಮುಟ್ಟುವ ಮುಂಚೆಯೇ ವಾಹನ ಓಡುವ ದೂರ. ಎರಡನೆಯದು ಬ್ರೇಕು ಹಿಡಿದ ಮೇಲೆ ಓಡುವ ದೂರ. 60 ಕಿ.ಮೀ. ವೇಗದಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಬ್ರೇಕು ಹಾಕುವ ಮೊದಲೇ ಕಳೆದುಹೋಗುತ್ತದೆ. ಆ 25 ಮೀಟರನ್ನು ಎ.ಬಿ.ಎಸ್. ಒಂದು ಗೇಣೂ ಕಡಿಮೆ ಮಾಡಲಾರದು. ವೇಗ ಇಮ್ಮಡಿಯಾದರೆ ಎರಡನೆಯ ಅಂಕಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಗಮನಿಸಿ. ರಸ್ತೆ ಒದ್ದೆಯಾಗಿದ್ದರೆ, ಟೈರು ಸವೆದಿದ್ದರೆ, ಮಿತಿ ಮೀರಿ ಹೊರೆ ಹೇರಿದ್ದರೆ ಅದು ಇನ್ನೂ ಹೆಚ್ಚುತ್ತದೆ.

ಮಾರುಕಟ್ಟೆಯ ಧಾರಣೆ ನೋಡಲೆಂದು ಎರಡು ಸೆಕೆಂಡು ಮೊಬೈಲಿನತ್ತ ತಿರುಗಿದಿರಿ ಎನ್ನಿ. 60 ಕಿ.ಮೀ. ವೇಗದಲ್ಲಿ 33 ಮೀಟರು ಕಣ್ಣು ಕಟ್ಟಿಕೊಂಡು ಓಡಿದಂತಾಯಿತು.

ಮ್ಯೂನಿಕ್ ನಗರದ ಟ್ಯಾಕ್ಸಿಗಳು

ಎ.ಬಿ.ಎಸ್. 1978ರಲ್ಲಿ ಜರ್ಮನಿಯ ಕಾರುಗಳಲ್ಲಿ ಬಳಕೆಗೆ ಬಂತು. 1980ರ ದಶಕದಲ್ಲಿ ಅಲ್ಲಿನ ಮ್ಯೂನಿಕ್ ನಗರದಲ್ಲಿ ಒಂದು ಅಧ್ಯಯನ ನಡೆಯಿತು. ಒಂದೇ ಸಂಸ್ಥೆಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎ.ಬಿ.ಎಸ್. ಇತ್ತು, ಉಳಿದವಕ್ಕೆ ಇರಲಿಲ್ಲ. ಎ.ಬಿ.ಎಸ್. ಇದ್ದ ಟ್ಯಾಕ್ಸಿಗಳ ಅಪಘಾತ ಕಡಿಮೆಯಾಗಬೇಕೆಂದು ಯಾರಾದರೂ ನಿರೀಕ್ಷಿಸುತ್ತಾರೆ. ಆದರೆ ಒಟ್ಟು ಅಪಘಾತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರಣ, ಒಳ್ಳೆಯ ಬ್ರೇಕಿದೆ ಎಂದು ತಿಳಿದ ಚಾಲಕರು ತಿರುವುಗಳಲ್ಲಿ ಬಿರುಸಾಗಿ ಓಡಿಸಿದರು, ಮುಂದಿನ ವಾಹನಕ್ಕೆ ಹೆಚ್ಚು ಹತ್ತಿರ ಹೋದರು. ಯಂತ್ರ ಕೊಟ್ಟ ಲಾಭವನ್ನು ಅವಸರ ತಿಂದುಹಾಕಿತು.

ಬಾವಿಗೆ ಹೆಚ್ಚು ಶಕ್ತಿಯ ಪಂಪು ಹಾಕಿದ ಕೂಡಲೇ ನೀರು ಹೆಚ್ಚಿತೆಂದು ಭಾವಿಸಿ ಇನ್ನೊಂದು ಎಕರೆ ಕಬ್ಬು ನೆಡುವವನ ಲೆಕ್ಕವೂ ಹೀಗೆಯೇ. ಪಂಪು ಬದಲಾಯಿತು, ಬಾವಿಯ ನೀರು ಇದ್ದಷ್ಟೇ ಇದೆ.

ನೆಲಮಂಗಲದ ಪಾಠ

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ತುಮಕೂರು ಹೆದ್ದಾರಿಯಲ್ಲಿ ನಡೆದ ದುರಂತ ನಿಮಗೆ ನೆನಪಿರಬಹುದು. ಕಂಟೈನರ್ ಲಾರಿಯೊಂದು ವಿಭಜಕ ದಾಟಿ ಬಂದು ಕಾರಿನ ಮೇಲೆ ಮಗುಚಿತು. ಕಾರಿನಲ್ಲಿದ್ದ ಒಂದೇ ಕುಟುಂಬದ 6 ಮಂದಿ ಅಸುನೀಗಿದರು. ಆ ಕಾರು ಸುರಕ್ಷತೆಗೆ ಜಗತ್ತಿನಲ್ಲೇ ಹೆಸರಾದದ್ದು. ಆದರೂ ಅದರೊಳಗಿದ್ದವರು ಉಳಿಯಲಿಲ್ಲ. ಅವರು ತಪ್ಪು ಮಾಡಿದ್ದರೆಂದಲ್ಲ. ಮುಂದಿನ ಕಾರು ಹಠಾತ್ತನೆ ನಿಧಾನವಾದಾಗ ತಾನು ಪಕ್ಕಕ್ಕೆ ಎಳೆದುದಾಗಿ ಲಾರಿಯ ಚಾಲಕ ಹೇಳಿದನೆಂದು ಪತ್ರಿಕೆಗಳು ವರದಿ ಮಾಡಿದವು.

ಇದರಿಂದ ಕಲಿಯಬೇಕಾದದ್ದು ಇಷ್ಟು: ನಿಮ್ಮ ವಾಹನದಲ್ಲಿರುವ ಸಾಧನ ನಿಮ್ಮ ವಾಹನವನ್ನು ಮಾತ್ರ ಕಾಯಬಲ್ಲದು. ರಸ್ತೆಯಲ್ಲಿ ಪ್ರತಿಯೊಬ್ಬನ ಪ್ರಾಣವೂ ಇನ್ನೊಬ್ಬನ ಎಚ್ಚರದ ಮೇಲೆ ನಿಂತಿದೆ. ಹೊರೆ ಹೇರಿ ಹೊರಡುವ ನಾವೂ ಆ ಇನ್ನೊಬ್ಬರಲ್ಲಿ ಸೇರಿದ್ದೇವೆ.

ಟ್ರ್ಯಾಕ್ಟರು ಮತ್ತು ನಮ್ಮ ಹೊಣೆ

ಟ್ರ್ಯಾಕ್ಟರಿನ ಟ್ರೇಲರಿಗೆ ಇಂಥ ಸಾಧನಗಳಾವುವೂ ಇಲ್ಲ. ಎಷ್ಟೋ ಟ್ರೇಲರುಗಳಿಗೆ ಬ್ರೇಕೂ ಇಲ್ಲ, ಹಿಂದೀಪವೂ ಇಲ್ಲ. ಕಬ್ಬು ಸಾಗಿಸುವ ಕಾಲದಲ್ಲಿ ಇಂಥ ಟ್ರೇಲರು ಕತ್ತಲಲ್ಲಿ ರಸ್ತೆ ಬದಿ ಕೆಟ್ಟು ನಿಂತರೆ ಹಿಂದಿನಿಂದ ಬರುವ ಮೋಟಾರು ಸೈಕಲ್ ಸವಾರನಿಗೆ ಅದು ಕಾಣುವುದೇ ಇಲ್ಲ. ಸುಮ್ಮನೆ ನಿಂತಿರುವ ವಾಹನವನ್ನು ಗುರುತಿಸುವುದು ಕಾರಿನ ರಾಡಾರಿಗೂ ಕಷ್ಟ. ಹೆದ್ದಾರಿಯ ವೇಗ ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರು, ದ್ವಿಚಕ್ರ, ತ್ರಿಚಕ್ರ ವಾಹನಗಳನ್ನು ನಿಷೇಧಿಸಲು ಇದೇ ವೇಗದ ಅಂತರ ಕಾರಣ.

ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ಒಕ್ಕುವ ರೂಢಿಯೂ ಇದೆ. ಕಣ ಮಾಡುವ ಶ್ರಮ ಉಳಿಯುತ್ತದೆ ನಿಜ. ಆದರೆ ಆ ಹುಲ್ಲಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ. ಹಿಡಿತವೇ ಇಲ್ಲದ ಕಡೆ ಯಾವ ಬ್ರೇಕು ತಾನೇ ಏನು ಮಾಡೀತು?

ಅನುಸರಿಸಬೇಕಾದ ಕ್ರಮಗಳು

1. ಹೊರಡುವ ಮುನ್ನ ವಾಹನವನ್ನು ಒಂದು ಸುತ್ತು ಹಾಕಿ ಟೈರು, ದೀಪ, ಹೊರೆಗೆ ಕಟ್ಟಿದ ಹಗ್ಗ ನೋಡಿ. ಬ್ರೇಕು ತುಳಿದು ಪರೀಕ್ಷಿಸಿ.

2. ವಾಹನ ಚಾಲೂ ಮಾಡಿದಾಗ ಹೊತ್ತಿಕೊಳ್ಳುವ ಎ.ಬಿ.ಎಸ್. ದೀಪ ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಓಡುವಾಗಲೂ ಉರಿಯುತ್ತಿದ್ದರೆ ದುರಸ್ತಿ ಮಾಡಿಸಿ.

3. ಎ.ಬಿ.ಎಸ್. ಇರುವ ಕಾರಿನಲ್ಲಿ ತುರ್ತು ಸಮಯದಲ್ಲಿ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಿರಿ. ಕಾಲಡಿ ಅದುರಿದರೆ ಗಾಬರಿಯಿಂದ ಬಿಡಬೇಡಿ, ಅದು ಕೆಲಸ ಮಾಡುತ್ತಿರುವ ಲಕ್ಷಣ.

4. ಮುಂದಿನ ವಾಹನ ದಾಟಿದ ಕಂಬವನ್ನು ಗುರುತಿಟ್ಟುಕೊಳ್ಳಿ. ನೀವು ಅಲ್ಲಿಗೆ ತಲುಪಲು ಕನಿಷ್ಠ ಮೂರು ಸೆಕೆಂಡು ಹಿಡಿಯಬೇಕು. ಮಳೆಯಲ್ಲಿ, ಹೊರೆ ಇದ್ದಾಗ ಈ ಅಂತರವನ್ನು ಇನ್ನೂ ಹೆಚ್ಚಿಸಿ.

5. ಅಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ಸೆನ್ಸಾರನ್ನೇ ನಂಬಬೇಡಿ. ಕುಳಿತ ಮಗು, ತಗ್ಗಿನ ಕಲ್ಲು ಅದಕ್ಕೆ ತಿಳಿಯದೆ ಹೋಗಬಹುದು. ಇಳಿದು ನೋಡಿ, ಅಥವಾ ಒಬ್ಬರನ್ನು ನಿಲ್ಲಿಸಿಕೊಳ್ಳಿ.

6. ಉಳುಮೆಯಲ್ಲಿ ಬೇರೆ ಬೇರೆಯಾಗಿ ಬಳಸುವ ಟ್ರ್ಯಾಕ್ಟರಿನ ಎಡ, ಬಲ ಬ್ರೇಕು ಪೆಡಲುಗಳನ್ನು ರಸ್ತೆಗೆ ಇಳಿಯುವ ಮುನ್ನ ಚಿಲಕ ಹಾಕಿ ಜೋಡಿಸಿ. ಒಂದೇ ಪೆಡಲು ತುಳಿದರೆ ಟ್ರ್ಯಾಕ್ಟರು ಒಂದು ಬದಿಗೆ ಎಳೆದು ಮಗುಚುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ.

7. ಟ್ರೇಲರಿನ ಹಿಂದೆ ಮತ್ತು ಪಕ್ಕಗಳಲ್ಲಿ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

8. ಸೀಟ್ ಬೆಲ್ಟಿನ ಗಂಟೆ ನಿಲ್ಲಿಸಲು ಬರೀ ಕೊಂಡಿ ಸಿಕ್ಕಿಸಬೇಡಿ. ಬೆಲ್ಟಿಲ್ಲದೆ ಗಾಳಿಚೀಲ ಸರಿಯಾಗಿ ರಕ್ಷಿಸದು.

9. ರಾತ್ರಿಯಿಡೀ ಕೊಯ್ಲು ಮಾಡಿ ನಿದ್ದೆಗೆಟ್ಟಿದ್ದರೆ ಚಕ್ರ ಹಿಡಿಯಬೇಡಿ. ನಿದ್ದೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮಲಗಿ. ಅರ್ಧ ಗಂಟೆ ತಡವಾದರೆ ಧಾರಣೆಯಲ್ಲಿ ನಾಲ್ಕು ಕಾಸು ಕಡಿಮೆಯಾಗಬಹುದು, ಅಷ್ಟೆ.

ರೈತ ಬಾಂಧವರೇ, ಬೆದರುಗೊಂಬೆ ನಿಲ್ಲಿಸಿದ ಮೇಲೂ ನೀವು ಹೊಲ ಕಾಯುವುದನ್ನು ಬಿಡುವುದಿಲ್ಲ. ವಾಹನದ ಸಾಧನಗಳನ್ನೂ ಹಾಗೆಯೇ ಭಾವಿಸಿ. ಎತ್ತಿನ ಮೇಲೆ ಭಾರ ಹಾಕಿ ಮಲಗಬಹುದಾಗಿದ್ದ ಕಾಲ ಕಳೆಯಿತು. ಚಕ್ರ ಹಿಡಿದಿರುವಷ್ಟು ಹೊತ್ತು ನೀವೇ ಎತ್ತು, ನೀವೇ ಗಾಡಿಯವನು. ಫಸಲಿನಷ್ಟೇ ಜೋಪಾನವಾಗಿ ನೀವೂ ಮನೆಗೆ ತಲುಪಬೇಕು.